ಸೊಪ್ಪಿನ ಬೆಟ್ಟ, ಕೊಟ್ಟಿಗೆ, ಅಡಿಕೆ ತೋಟ: ಬೆಟ್ಟದ ಸಾರ ಹೋಗುತ್ತಿರುವುದು ಎಲ್ಲಿಗೆ?

ಕೆಳತೋಟ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಶಿರಸಿ ಸೀಮೆಯ ತೋಟ. ಅಡಿಕೆ 1 ಎಕರೆ, ಸುಮಾರು 550 ಮರ, ಚಾಲಿ (ಒಣಗಿಸಿ ಸುಲಿದ ಅಡಿಕೆ) ಲೆಕ್ಕದಲ್ಲಿ ವರ್ಷಕ್ಕೆ ಹತ್ತು ಕ್ವಿಂಟಲ್ ಹತ್ತಿರ ಬೆಳೆ. ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು) 9 ಎಕರೆ. ಕೊಟ್ಟಿಗೆಯಲ್ಲಿ ಮೊದಲಿದ್ದದ್ದು ಎಂಟು ಮಲೆನಾಡು ಗಿಡ್ಡ, ಬೆಟ್ಟದಲ್ಲೇ ಮೇಯುತ್ತಿದ್ದವು. ಈಗ ಎರಡು ಜರ್ಸಿ ಕ್ರಾಸ್, ಕಟ್ಟಿ ಸಾಕುವುದು, ಒಂದೊಂದಕ್ಕೆ ದಿನಕ್ಕೆ 5 ಕಿಲೋ ಡೈರಿ ಪಶು ಆಹಾರ. ನೆಲಕ್ಕೆ ಸಿಮೆಂಟು, ಎರಡು ಹೊತ್ತೂ ಪೈಪ್ ಹಿಡಿದು ತೊಳೆಯುವುದು.

ಮನೆಯಲ್ಲಿ ಮೂರು ಮಾತು ನಡೆಯುತ್ತಿವೆ:

1. ವರ್ಷವೂ ಸೊಪ್ಪು, ದರಕು (ಉದುರಿದ ಒಣ ಎಲೆ) ಹೊತ್ತರೆ ಬೆಟ್ಟ ಬರಡಾಗುತ್ತದೆ ಎನ್ನುವವರು ಒಬ್ಬರು. ಬಿಸಿಲು ಮಳೆ ಇರುವ ತನಕ ಮರ ಚಿಗುರುತ್ತದೆ, ಚಿಂತೆ ಯಾಕೆ ಎನ್ನುವವರು ಇನ್ನೊಬ್ಬರು.
2. ಗೋಬರ್ ಗ್ಯಾಸ್ ಹಾಕಿಸಿದರೆ ಸಗಣಿಯ ಸತ್ವವೆಲ್ಲ ಒಲೆಗೆ ಹೋಗಿ ತೋಟಕ್ಕೆ ಬರೀ ಚರಟ ಸಿಗುತ್ತದೆಯಂತೆ.
3. ಆಳು ಸಿಗದ ಕಾಲದಲ್ಲಿ ಸೊಪ್ಪಿನ ರಗಳೆ ಬಿಟ್ಟು ಯೂರಿಯಾ, ಪೊಟ್ಯಾಷ್ ಹಾಕಿದರೆ ಸಾಲದೇ?

ಅಭಿಪ್ರಾಯ ಬೇಕಾದಷ್ಟು ಕೇಳಿ ಆಗಿದೆ. ಕಿಲೋ ಲೆಕ್ಕದಲ್ಲಿ ಹೇಳುವವರಿದ್ದರೆ ಹೇಳಿ.

ಮಣ್ಣಿನಲೆಕ್ಕ

ಮೊದಲನೇ ಪ್ರಶ್ನೆಯಲ್ಲಿ ಇಬ್ಬರದ್ದೂ ಅರ್ಧ ಸರಿ. ಒಬ್ಬರು ಶಕ್ತಿಯ ಮಾತಾಡುತ್ತಿದ್ದಾರೆ, ಇನ್ನೊಬ್ಬರು ಪೋಷಕಾಂಶದ್ದು. ಎರಡಕ್ಕೂ ದಾರಿ ಬೇರೆ.

ಬಿಸಿಲಿಗೆ ಬರಗಾಲವಿಲ್ಲ. ಒಂದು ಎಕರೆ ಮೇಲೆ ವರ್ಷಕ್ಕೆ ಬೀಳುವ ಬಿಸಿಲನ್ನು ಕರೆಂಟ್ ಬಿಲ್ಲಿನ ಯೂನಿಟ್ಟಿನಲ್ಲಿ ಎಣಿಸಿದರೆ 70 ಲಕ್ಷ ದಾಟುತ್ತದೆ. ಅದರಲ್ಲಿ 1 ಪರ್ಸೆಂಟೂ ಎಲೆ, ಕಟ್ಟಿಗೆಯಾಗಿ ಉಳಿಯುವುದಿಲ್ಲ. ಉಳಿದ ಚೂರು ಕೂಡ ಮರದಿಂದ ಹಸುವಿಗೆ, ಗೆದ್ದಲಿಗೆ, ಅಣಬೆಗೆ ದಾಟುವಾಗ ಶಾಖವಾಗಿ ಖರ್ಚಾಗುತ್ತದೆ, ಮತ್ತೆ ತಿರುಗಿ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ, ನಾಳೆ ಸೂರ್ಯ ಹುಟ್ಟುತ್ತಾನೆ. ಸಾರಜನಕ, ರಂಜಕ, ಪೊಟ್ಯಾಷ್, ಸುಣ್ಣಾಂಶದ ಕಥೆ ಹಾಗಲ್ಲ. ಇದ್ದದ್ದೇ ಸುತ್ತಬೇಕು. ಹೊರಗೆ ಹೋದದ್ದಕ್ಕೆ ಬದಲಿ ಬರಬೇಕು.

ಈಗ ಲೆಕ್ಕ. ಅಡಿಕೆಗೆ ಶಿಫಾರಸು ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿ ಸೊಪ್ಪು, 12 ಕಿಲೋ ಕೊಟ್ಟಿಗೆ ಗೊಬ್ಬರ, ಜೊತೆಗೆ 100:40:140 ಗ್ರಾಂ ಸಾರಜನಕ, ರಂಜಕ, ಪೊಟ್ಯಾಷ್. ಸೊಪ್ಪಷ್ಟನ್ನೇ ನೋಡಿ: 550 ಮರಕ್ಕೆ 6.6 ಟನ್. ಕಾಡುಸೊಪ್ಪಿನ ಹಸಿ ತೂಕದಲ್ಲಿ ಸಾರಜನಕ 0.7 ಪರ್ಸೆಂಟ್, ರಂಜಕ 0.05 ಪರ್ಸೆಂಟ್ ಎಂದು ಹಿಡಿಯಿರಿ (ಮತ್ತಿ, ಹುಣಾಲು, ಹೊನ್ನೆ ಎಂದು ಮರ ಬದಲಾದಂತೆ ಇದೂ ಹೆಚ್ಚುಕಡಿಮೆ ಆಗುತ್ತದೆ). ಬೆಟ್ಟದಿಂದ ಇಳಿದದ್ದು 46 ಕಿಲೋ ಸಾರಜನಕ, 3.3 ಕಿಲೋ ರಂಜಕ. 9 ಎಕರೆಗೆ ಹಂಚಿದರೆ ಎಕರೆಗೆ 5 ಕಿಲೋ ಸಾರಜನಕ, 350 ಗ್ರಾಂ ಚಿಲ್ಲರೆ ರಂಜಕ. ಉತ್ತರ ಕನ್ನಡದ ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ ಬಿಟ್ಟಿದ್ದು ಸುಮ್ಮನೆ ಅಲ್ಲ ಎಂಬುದು ಈ ಭಾಗಾಕಾರದಲ್ಲೇ ಕಾಣುತ್ತದೆ. ಅದೇ 6.6 ಟನ್ನನ್ನು ರಸ್ತೆ ಪಕ್ಕದ 2 ಎಕರೆಯಿಂದಲೇ ಎತ್ತಿದರೆ ಅಲ್ಲಿ ಎಕರೆಗೆ 23 ಕಿಲೋ ಸಾರಜನಕ ಖಾಲಿ. ಬರಡಾಗುವುದು ಇಡೀ ಬೆಟ್ಟವಲ್ಲ, ಹೊರೆ ಇಳಿಸಲು ಸಲೀಸಾದ ಜಾಗ.

ಸಾರಜನಕ ಮಳೆಯಲ್ಲೂ ಬರುತ್ತದೆ, ಹೊನ್ನೆ, ಬೀಟೆಯಂಥ ಮರಗಳ ಬೇರುಗಂಟಿನಲ್ಲೂ ಕೂಡುತ್ತದೆ. ರಂಜಕಕ್ಕೆ ಅಂಥ ದೊಡ್ಡ ದಾರಿ ಇಲ್ಲ. ಕಲ್ಲು ಕರಗಿ ಬರಬೇಕು. ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಕರಗಬೇಕಾದದ್ದು ಎಂದೋ ಕರಗಿ ಹೋಗಿ, ಉಳಿದ ಕಬ್ಬಿಣ ಮತ್ತು ಅಲ್ಯುಮಿನಿಯಂ ಇದ್ದ ರಂಜಕವನ್ನೂ ಹಿಡಿದಿಟ್ಟುಕೊಂಡಿದೆ. ಅಲ್ಲಿ ಬದುಕುವ ಮರಗಳಿಗೆ ರಂಜಕ ಸಿಗುವುದೇ ಕೊಳೆತ ದರಕಿನಿಂದ. ದರಕು ಗುಡಿಸಿದರೆ ಆ ಸರಪಳಿ ಅಲ್ಲೇ ತುಂಡಾಯಿತು.

ಹಸಿ ಸೊಪ್ಪಿಗೂ ದರಕಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಎಲೆ ಹಣ್ಣಾಗಿ ಉದುರುವ ಮೊದಲು ಮರ ಅದರಲ್ಲಿರುವ ಸಾರಜನಕ, ರಂಜಕದಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಕೊಂಬೆಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹಸಿರಿರುವಾಗಲೇ ಸವರಿದರೆ ಆ ಅರ್ಧವೂ ನಿಮ್ಮ ಹೊರೆಯಲ್ಲಿ. ತೋಟಕ್ಕೆ ಲಾಭ, ಮರಕ್ಕೆ ದುಪ್ಪಟ್ಟು ನಷ್ಟ. ಹಾಗಾಗಿ ತರಲೇಬೇಕೆಂದರೆ ದರಕು ತನ್ನಿ, ಹಸಿ ಸೊಪ್ಪು ಕಡಿಮೆ ಮಾಡಿ. ಸವರುವುದಾದರೂ ಮೇಲಿನ ಮೂರನೇ ಒಂದು ಭಾಗ ತಲೆ ಬಿಡಿ, ಅದೇ ಮರಕ್ಕೆ ಮೂರು ವರ್ಷ ಕತ್ತಿ ತಾಗಿಸಬೇಡಿ.

ಬೆಂಕಿಯನ್ನಂತೂ ಕೇಳಲೇಬೇಡಿ. ಬೇಣದಿಂದ (ಹುಲ್ಲುಗಾವಲಿನಿಂದ) ಹತ್ತಿದ ಬೆಂಕಿ ದರಕಿನ ಸಾರಜನಕವನ್ನು ಗಾಳಿಗೆ ಕಳಿಸುತ್ತದೆ. ರಂಜಕ, ಪೊಟ್ಯಾಷ್ ಬೂದಿಯಲ್ಲಿ ಉಳಿದರೂ ಇಳಿಜಾರಿನಲ್ಲಿ ಮೊದಲ ಮಳೆಗೇ ಹಳ್ಳ ಸೇರುತ್ತವೆ.

ಗಿಡ್ಡಹಸು

ಲೆಕ್ಕ ಚೆನ್ನಾಗಿದೆ, ಆದರೆ ದಾರಿಯ ನಡುವಿನ ಹಸು ಬಿಟ್ಟುಹೋಗಿದೆ. ಕೆಳತೋಟದವರ ಮನೆಯಲ್ಲಿ ನಿಜವಾಗಿ ಬದಲಾದದ್ದು ಅಲ್ಲೇ.

ಹಸು ಗೊಬ್ಬರ ಸೃಷ್ಟಿ ಮಾಡುವುದಿಲ್ಲ. ಬಾಯಿಂದ ಹೋದದ್ದೇ ಹಿಂದಿನಿಂದ ಬರಬೇಕು. ಎಂಟು ಗಿಡ್ಡ ಹಗಲು ಬೆಟ್ಟ ಮೇಯ್ದು ರಾತ್ರಿ ಕೊಟ್ಟಿಗೆಯಲ್ಲಿ ಸಗಣಿ ಹಾಕುತ್ತಿದ್ದಾಗ ಅವು ಬೆಟ್ಟದ ಸಾರವನ್ನು ತೋಟದ ಕಡೆ ಹೊರುತ್ತಿದ್ದವು, ಆಳು ಹೊರುವ ಸೊಪ್ಪಿನ ಹೊರೆಗೆ ಜೊತೆಯಾಗಿ. ಎರಡು ಜರ್ಸಿಗಳು ಹೊರುವುದು ಬೇರೆ ಊರಿನ ಸಾರ. ಚೀಲದ ಪಶು ಆಹಾರದಲ್ಲಿ ಪ್ರೋಟೀನ್ 20 ಪರ್ಸೆಂಟ್ ಎಂದರೆ ಸಾರಜನಕ 3.2 ಪರ್ಸೆಂಟ್. ದಿನಕ್ಕೆ 10 ಕಿಲೋದಂತೆ ವರ್ಷಕ್ಕೆ 3,650 ಕಿಲೋ ಆಹಾರ, ಅದರಲ್ಲಿ 117 ಕಿಲೋ ಸಾರಜನಕ. ಹಾಲಿಗೆ ಕಾಲು ಭಾಗ ಹೋಯಿತೆಂದರೂ 85 ಕಿಲೋಗೂ ಹೆಚ್ಚು ಸಗಣಿ, ಗಂಜಲದಲ್ಲಿ ಹೊರಬರುತ್ತದೆ. 550 ಮರಕ್ಕೆ ಶಿಫಾರಸಿನ ಸಾರಜನಕ 55 ಕಿಲೋ! ರಂಜಕವೂ ಹಾಗೇ. ಆಹಾರದಲ್ಲಿ ಅರ್ಧ ಪರ್ಸೆಂಟ್ ಹಿಡಿದರೂ 18 ಕಿಲೋ ಮನೆಗೆ ಬಂತು. ತೋಟಕ್ಕೆ ಬೇಕಾದದ್ದು 10 ಕಿಲೋ ಒಳಗೆ. (ಶಿಫಾರಸಿನ 40 ಗ್ರಾಂ, ಗೊಬ್ಬರದ ಚೀಲದ ಮೇಲೆ ಬರೆಯುವಂತೆ, ಆಕ್ಸೈಡ್ ಲೆಕ್ಕ, ಶುದ್ಧ ರಂಜಕಕ್ಕೆ 0.44ರಿಂದ ಗುಣಿಸಬೇಕು.) ಮಹಾರಾಷ್ಟ್ರದ್ದೋ ಮಧ್ಯಪ್ರದೇಶದ್ದೋ ಸೋಯಾ ಹೊಲ ನಿಮ್ಮ ತೋಟಕ್ಕೆ ಈಗ ಸೊಪ್ಪಿನ ಬೆಟ್ಟವಾಗಿದೆ, ಅಷ್ಟೆ.

ಇಷ್ಟು ಬಂದರೂ ಎಲ್ಲವೂ ತೋಟಕ್ಕೆ ಮುಟ್ಟದಿರುವುದಕ್ಕೆ ಕಾರಣ ನೀವು ಕೊಟ್ಟಿಗೆ ತೊಳೆಯುವ ಆ ಪೈಪು. ರಂಜಕ ಹೆಚ್ಚುಕಡಿಮೆ ಪೂರ್ತಿ ಸಗಣಿಯಲ್ಲಿರುತ್ತದೆ, ಆದರೆ ಹೊರಬರುವ ಸಾರಜನಕದಲ್ಲಿ ಅರ್ಧದಷ್ಟು ಮತ್ತು ಪೊಟ್ಯಾಷಿನಲ್ಲಿ ಬಹುಪಾಲು ಗಂಜಲದಲ್ಲಿ. ನೀವು ಸಗಣಿ ಎತ್ತಿ ಗುಂಡಿಗೆ ಹಾಕಿ ಗಂಜಲವನ್ನು ತೊಳೆದು ಚರಂಡಿಗೆ ಬಿಡುತ್ತಿದ್ದೀರಿ. ಹಳೇ ಕೊಟ್ಟಿಗೆಯಲ್ಲಿ ಕಾಲಡಿಗೆ ದರಕು ಹಾಸುತ್ತಿದ್ದದ್ದು ಹಸು ಮೆತ್ತಗೆ ಮಲಗಲಿ ಎಂದಷ್ಟೇ ಅಲ್ಲ, ಗಂಜಲ ಹೀರಿಕೊಳ್ಳಲಿ ಎಂದು.

ಎರಡು ಕ್ರಾಸ್ ಹಸುವಿಗೆ ದಿನಕ್ಕೆ 25 ಲೀಟರ್ ಗಂಜಲ ಎಂದುಕೊಳ್ಳಿ. ಒಣ ದರಕು ತನ್ನ ತೂಕದ ಎರಡರಷ್ಟು ಹೀರಬಲ್ಲದು, ಹಾಗಾದರೆ ದಿನಕ್ಕೆ 12–13 ಕಿಲೋ, ವರ್ಷಕ್ಕೆ ನಾಲ್ಕೂವರೆ ಟನ್. ಅಷ್ಟು ಹಾಸು ಕಷ್ಟವಾದರೆ ನೆಲಕ್ಕೆ ಇಳಿಜಾರು ಕೊಟ್ಟು ಹಿಂದೆ 200 ಲೀಟರಿನ ಡ್ರಮ್ಮು ಹುಗಿದು ಗಂಜಲ ಹಿಡಿಯಿರಿ, ಆಮೇಲೆ ತೊಳೆಯಿರಿ. ಹತ್ತು ಪಾಲು ನೀರು ಬೆರೆಸಿ ಬುಡಕ್ಕೆ. ಡ್ರಮ್ಮಿಗೆ ಮುಚ್ಚಳ ಬೇಕು, ತೆರೆದಿಟ್ಟರೆ ಮೂಗಿಗೆ ಹೊಡೆಯುವ ಆ ಘಾಟೇ ನಿಮ್ಮ ಸಾರಜನಕ.

ಗೋಬರ್ ಗ್ಯಾಸ್: ಒಲೆಯಲ್ಲಿ ಉರಿಯುವುದು ಮೀಥೇನ್. ಅದರಲ್ಲಿ ಇಂಗಾಲ, ಜಲಜನಕ ಬಿಟ್ಟರೆ ಏನೂ ಇಲ್ಲ. ಹೋಗುವುದು ಶಕ್ತಿ ಮಾತ್ರ, ಸಾರಜನಕ, ರಂಜಕ, ಪೊಟ್ಯಾಷ್ ಅಷ್ಟೂ ಸ್ಲರಿಯಲ್ಲಿ (ಗ್ಯಾಸ್ ಬಿಟ್ಟು ಹೊರಬರುವ ಬಗ್ಗಡದಲ್ಲಿ) ಕೂತಿರುತ್ತವೆ. ಗುಂಡಿಯಲ್ಲಿ ಕೊಳೆತರೂ ಆ ಇಂಗಾಲದಲ್ಲಿ ಅರ್ಧಕ್ಕರ್ಧ ಹೇಗೂ ಗಾಳಿಗೆ ಹೋಗುತ್ತಿತ್ತು. ಎರಡು ಹಸುವಿನ 40 ಕಿಲೋ ಸಗಣಿಗೆ ದಿನಕ್ಕೆ ಒಂದೂವರೆ ಘನ ಮೀಟರ್ ಗ್ಯಾಸ್, ಸಿಲಿಂಡರ್ ಲೆಕ್ಕದಲ್ಲಿ 700 ಗ್ರಾಂ ಹತ್ತಿರ. ಮಳೆಗಾಲದ ಥಂಡಿಯಲ್ಲಿ ಇಳಿಯುತ್ತದೆ. ಸಗಣಿ, ನೀರು ಒಂದಕ್ಕೊಂದು ಸಮ ಇರಲಿ. ಕೊಟ್ಟಿಗೆ ತೊಳೆದ ನೀರನ್ನೆಲ್ಲ ಒಳಗೆ ಬಿಟ್ಟರೆ ತೆಳುವಾಗಿ, ಗ್ಯಾಸ್ ಆಗುವ ಮೊದಲೇ ಹೊರಗೆ ತಳ್ಳಿಕೊಂಡು ಬರುತ್ತದೆ. ಫಿನಾಯಿಲ್ ನೀರು ಹೋದರೆ ಒಳಗಿನ ಬ್ಯಾಕ್ಟೀರಿಯಾ ಸತ್ತು ವಾರಗಟ್ಟಲೆ ಒಲೆ ಹತ್ತುವುದಿಲ್ಲ.

"ಸ್ಲರಿಯಲ್ಲಿ ಸತ್ವ ಇಲ್ಲ" ಎಂಬ ಮಾತು ಹುಟ್ಟಿದ್ದು ಸ್ಲರಿಯನ್ನು ಬಿಸಿಲಿಗೆ ಹರವಿ ಒಣಗಿಸುವುದರಿಂದ. ಅದರಲ್ಲಿ ಸಾರಜನಕದ ಒಳ್ಳೆಯ ಪಾಲು ಅಮೋನಿಯಾ ರೂಪದಲ್ಲಿರುತ್ತದೆ, ಒಣಗಿಸಿದರೆ ಹಾರಿಹೋಗುತ್ತದೆ. ಹಸಿಯಾಗಿಯೇ ಬುಡಕ್ಕೆ ಬಿಡಿ, ಇಲ್ಲವೇ ದರಕು ತುಂಬಿದ ಗುಂಡಿಗೆ ಸುರಿದು ಹೀರಿಸಿ.

ಹಳೇಪದ್ಧತಿ

ಲೆಕ್ಕವೆಲ್ಲ ಸರಿ ಮಾರಾಯ್ರೆ, ಆದರೆ ಹಸಿ ಸೊಪ್ಪು ಹಾಸಿದ ತೋಟದ ಮಣ್ಣು ಮೆಟ್ಟಿ ನೋಡಿ, ಯೂರಿಯಾ ತೋಟದ ಮಣ್ಣು ಮೆಟ್ಟಿ ನೋಡಿ. ಸಾರಜನಕದ ಕಿಲೋ ಒಂದೇ ಇದ್ದರೂ ಮಣ್ಣು ಒಂದೇ ಇರುವುದಿಲ್ಲ. ಮಳೆಗಾಲದ ಮುಂಚೆ ಸೊಪ್ಪು ಮುಚ್ಚದಿದ್ದರೆ ಹನಿ ನೇರ ಮಣ್ಣಿಗೆ ಬಡಿದು ಬೇರು ಮೇಲೆ ಬರುತ್ತದೆ. ದರಕು ತನ್ನಿ ಎಂದು ಹೇಳುವುದು ಸುಲಭ, ದರಕು ಬೇಗ ಕೊಳೆಯುವುದಿಲ್ಲ.

ಮಣ್ಣಿನಲೆಕ್ಕ

ಒಪ್ಪಿದೆ. ಅದಕ್ಕೇ ಹೇಳುವುದು, ಈಗ ಈ ತೋಟಕ್ಕೆ ಬೆಟ್ಟದಿಂದ ಬೇಕಾದದ್ದು ಸಾರಜನಕವಲ್ಲ, ಇಂಗಾಲ. ಎರೆಹುಳು, ಅಣಬೆ, ಬ್ಯಾಕ್ಟೀರಿಯಾ ಎಲ್ಲ ಬದುಕುವುದು ಎಲೆಯಲ್ಲಿ ಕೂಡಿಟ್ಟ ಬಿಸಿಲಿನ ಮೇಲೆ. ಯೂರಿಯಾ ಚೀಲದಲ್ಲಿ ಅವಕ್ಕೆ ಊಟವಿಲ್ಲ.

ದರಕು ನಿಧಾನ ಕೊಳೆಯುವುದಕ್ಕೆ ಕಾರಣ ಅದರಲ್ಲಿ ಸಾರಜನಕ ಕಡಿಮೆ, ಒಂದು ಪಾಲಿಗೆ ಇಂಗಾಲ 50–80 ಪಾಲು. 30ರ ಆಸುಪಾಸಿಗೆ ಬಂದರೆ ಗುಂಡಿ ಕೈ ಸುಡುವಷ್ಟು ಬಿಸಿಯಾಗಿ ಕೊಳೆಯುತ್ತದೆ. ಗಂಜಲ ಹೀರಿದ ದರಕು ತಾನಾಗಿಯೇ ಆ ಹದಕ್ಕೆ ಬರುತ್ತದೆ. ಕೊಳೆಯದ ದರಕನ್ನು ಸೀದಾ ಬುಡಕ್ಕೆ ಹಾಕಿ ಮಣ್ಣು ಮುಚ್ಚಬೇಡಿ, ಬ್ಯಾಕ್ಟೀರಿಯಾಗಳು ಅದನ್ನು ತಿನ್ನಲು ಮಣ್ಣಿನ ಸಾರಜನಕವನ್ನೇ ಎಳೆದು ಮರ ಹಳದಿಯಾಗುತ್ತದೆ. ಮೇಲೆ ಹಾಸುವುದಕ್ಕೆ ಅಡ್ಡಿಯಿಲ್ಲ.

ಅಕೇಶಿಯಾ ಎಲೆಯನ್ನು ಹೊರೆಗಟ್ಟಲೆ ತಂದು ಇದೇ ಫಲ ನಿರೀಕ್ಷಿಸಬೇಡಿ. ಚರ್ಮದಂತೆ ದಪ್ಪ, ಎರಡು ಮಳೆಗಾಲ ಕಳೆದರೂ ಆಕಾರ ಹಾಗೇ ಇರುತ್ತದೆ. ಕೊಟ್ಟಿಗೆ ಹಾಸಿಗೂ ಹೀರುವ ಗುಣ ಸಾಲದು.

ಕಾದಿಗೆನೀರು

ಮೂರನೇ ಪ್ರಶ್ನೆ ಯಾರೂ ಮುಟ್ಟಿಲ್ಲ.

55 ಕಿಲೋ ಸಾರಜನಕ ಎಂದರೆ 45 ಕಿಲೋದ ಯೂರಿಯಾ ಎರಡೂವರೆ ಚೀಲದ ಮೇಲೆ ಚೂರು. ಅಗ್ಗ, ಹೊರಲು ಸುಲಭ, ನಿಜ. ಗಾಳಿಯ ಸಾರಜನಕವನ್ನು ಯೂರಿಯಾ ಮಾಡಲು ಕಾರ್ಖಾನೆ ಕಿಲೋ ಸಾರಜನಕಕ್ಕೆ 50 ಮೆಗಾಜೂಲ್ ಮೀರಿ ಅನಿಲ ಸುಡುತ್ತದೆ. ನಿಮ್ಮ ಒಂದು ಎಕರೆಗೆ ಅದು ಹೆಚ್ಚುಕಡಿಮೆ 80 ಲೀಟರ್ ಡೀಸೆಲ್ಲಿನಷ್ಟು. ಬೇರುಗಂಟಿನ ಬ್ಯಾಕ್ಟೀರಿಯಾ ಇದೇ ಕೆಲಸವನ್ನು ಬಿಸಿಲಿನ ಖರ್ಚಿನಲ್ಲಿ ಮಾಡುತ್ತದೆ. ತೋಟದ ಅಂಚಿಗೆ ಗೊಬ್ಬರದ ಗಿಡ (ಗ್ಲಿರಿಸಿಡಿಯಾ) ನೆಟ್ಟು ವರ್ಷಕ್ಕೆ ಎರಡು ಸಲ ಸವರಿದರೆ ಹಸಿ ಸೊಪ್ಪಿಗೆ ಬೆಟ್ಟ ಹತ್ತುವುದೂ ಉಳಿಯಿತು.

ಮುಖ್ಯ ತೊಂದರೆ ಮಳೆ. 2500 ಮಿ.ಮೀ. ಮಳೆ ಎಂದರೆ ಎಕರೆ ಮೇಲೆ ಒಂದು ಕೋಟಿ ಲೀಟರ್ ನೀರು. ಅದರಲ್ಲಿ ಅರ್ಧ ಮಣ್ಣಿನೊಳಗಿಂದ ಬಸಿದು, ಲೀಟರಿಗೆ ಬರೀ 2 ಮಿಲಿಗ್ರಾಂ ನೈಟ್ರೇಟ್ ಸಾರಜನಕ ಹೊತ್ತರೂ 10 ಕಿಲೋ ಕಾದಿಗೆಯಲ್ಲಿ (ತೋಟದ ಬಸಿಗಾಲುವೆಯಲ್ಲಿ) ಹೋಯಿತು. ಹತ್ತು ಕ್ವಿಂಟಲ್ ಚಾಲಿಯಲ್ಲಿ ಮಾರುಕಟ್ಟೆಗೆ ಹೋಗುವುದೂ ಹೆಚ್ಚುಕಡಿಮೆ ಅಷ್ಟೇ, 10–12 ಕಿಲೋ! ಜೂನ್ ನಡುವಿನಿಂದ ಆಗಸ್ಟ್ ಮುಗಿಯುವ ತನಕ ಚೀಲ ಬಿಚ್ಚಬೇಡಿ. ದೊಡ್ಡ ಕಂತು ಮಳೆ ಹಿಂದೆ ಸರಿದ ಮೇಲೆ, ಸೆಪ್ಟೆಂಬರ್ ಕೊನೆ–ಅಕ್ಟೋಬರಿನಲ್ಲಿ. ಬುಡದಿಂದ ಮುಕ್ಕಾಲರಿಂದ ಒಂದು ಮೀಟರ್ ದೂರದಲ್ಲಿ ಸುತ್ತಲೂ ಹಾಕಿ ಮಣ್ಣು ಮುಚ್ಚಬೇಕು. ಮೇಲೆ ಚೆಲ್ಲಿ ಬಿಟ್ಟರೆ ಅಮೋನಿಯಾ ಆಗಿ ಹಾರಿಹೋಗುತ್ತದೆ.

ಎರಡನೇ ತೊಂದರೆ ಹುಳಿ. ಯೂರಿಯಾ ನೈಟ್ರೇಟ್ ಆಗುವಾಗ ಮಣ್ಣಿಗೆ ಆಮ್ಲ ಬಿಡುತ್ತದೆ. ಅದು ಬಸಿದು ಹೋದರೆ ಸುಣ್ಣಾಂಶವನ್ನೂ ಎಳೆದೊಯ್ಯುತ್ತದೆ. ಒಂದು ಕಿಲೋ ಸಾರಜನಕದ ಹುಳಿ ಕಳೆಯಲು ಸುಮಾರು 1.8 ಕಿಲೋ ಸುಣ್ಣಕಲ್ಲಿನ ಪುಡಿ ಬೇಕು, ಎಂದರೆ ವರ್ಷಕ್ಕೆ ಒಂದು ಕ್ವಿಂಟಲ್. ಪಿಎಚ್ 5.5ರ ಕೆಳಗೆ ಇಳಿದರೆ ಅಲ್ಯುಮಿನಿಯಂ ಕರಗಿ ಬೇರಿನ ತುದಿ ಸುಡುತ್ತದೆ, ರಂಜಕ ಇನ್ನಷ್ಟು ಬಿಗಿಯಾಗುತ್ತದೆ. ಸುಣ್ಣವನ್ನು ಮಣ್ಣು ಪರೀಕ್ಷೆ ನೋಡಿ ಹಾಕಿ. ಅದೇ ವಾರ ಯೂರಿಯಾ ಮಾತ್ರ ಬೇಡ, ತಿಂಗಳ ಅಂತರ ಇರಲಿ.

ಇಷ್ಟೆಲ್ಲ ಹೇಳಿ ನನಗೆ ಹೆಚ್ಚು ಚಿಂತೆ ಇರುವುದು ಯೂರಿಯಾದ್ದಲ್ಲ, ಮೈಲುತುತ್ತದ್ದು (ತಾಮ್ರದ ಸಲ್ಫೇಟ್). ಸಾರಜನಕ ಗಾಳಿಗಾದರೂ ಹೋಗುತ್ತದೆ, ನೀರಿಗಾದರೂ ಹೋಗುತ್ತದೆ. ತಾಮ್ರ ಎಲ್ಲಿಗೂ ಹೋಗುವುದಿಲ್ಲ. 1 ಪರ್ಸೆಂಟ್ ಬೋರ್ಡೋ (ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ, ಸುಣ್ಣದ ದ್ರಾವಣ) ಎಂದರೆ 100 ಲೀಟರಿಗೆ 1 ಕಿಲೋ ಮೈಲುತುತ್ತ, ಅದರಲ್ಲಿ ಕಾಲು ಭಾಗ ತಾಮ್ರ. ಮರಕ್ಕೆ ಒಂದೂವರೆ ಲೀಟರಿನಂತೆ ಎರಡು ಸಲ ಹೊಡೆದರೆ 1,650 ಲೀಟರ್, 4 ಕಿಲೋ ತಾಮ್ರ. ಎಕರೆಯ ಮೇಲಿನ ಅರ್ಧ ಅಡಿ ಮಣ್ಣಿನ ತೂಕ 800 ಟನ್ ಹತ್ತಿರ, ವರ್ಷಕ್ಕೆ ಕಿಲೋ ಮಣ್ಣಿಗೆ 5 ಮಿಲಿಗ್ರಾಂ ಸೇರಿತು. ಮೂವತ್ತು ವರ್ಷಕ್ಕೆ 150. ಐರೋಪ್ಯ ಒಕ್ಕೂಟ ದ್ರಾಕ್ಷಿ ತೋಟಗಳೂ ಸೇರಿದಂತೆ ಹಾಕಿರುವ ಮಿತಿ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರ. ಮೇಲಿನ ಲೆಕ್ಕ ಅದರ ಎರಡೂವರೆ ಪಟ್ಟು. ಸೊಪ್ಪು, ಗೊಬ್ಬರ ಎಷ್ಟು ಸುರಿದರೂ ಎರೆಹುಳು ಕಾಣದ ಹಳೇ ತೋಟವಿದ್ದರೆ ತಾಮ್ರ ಪರೀಕ್ಷೆ ಮಾಡಿಸಿ.

ಕೊಳೆ ಬಂದರೆ ಬೆಳೆಯೇ ಹೋಗುತ್ತದೆ, ಬೋರ್ಡೋ ಬಿಡಿ ಎನ್ನುವುದಿಲ್ಲ. ದ್ರಾವಣ ತಟಸ್ಥವಾಗಿದೆಯೇ ಎಂದು ಪಿಎಚ್ ಪೇಪರಿನಲ್ಲಿ ನೋಡಿ. ಸುಣ್ಣ ಸಾಲದ ದ್ರಾವಣ ಗೊನೆಗೆ ಅಂಟದೆ ತೊಳೆದುಹೋಗಿ ಮೂರನೇ ಸಲ ಹೊಡೆಯಬೇಕಾಗುತ್ತದೆ. ಕೊನೆಗೆ ಡ್ರಮ್ಮನ್ನು ಹಳ್ಳಕ್ಕೆ ತಂದು ತೊಳೆಯಬೇಡಿ. ಮೀನುಮರಿ, ಬಸವನಹುಳುಗಳಿಗೆ ಲೀಟರಿನಲ್ಲಿ ಮಿಲಿಗ್ರಾಮಿಗಿಂತ ಕಡಿಮೆ ತಾಮ್ರವೇ ವಿಷ.

ಕೆಳತೋಟ

ಎಲ್ಲರಿಗೂ ಧನ್ಯವಾದ. ಮೂರು ಸಣ್ಣ ಪ್ರಶ್ನೆ. ಬಚ್ಚಲ ಒಲೆಯ ಬೂದಿಯನ್ನು ಗೊಬ್ಬರದ ಗುಂಡಿಗೇ ಹಾಕುವುದು ರೂಢಿ, ಸರಿಯಾ? ಅಡಿಕೆ ಹಾಳೆಯನ್ನು ತಟ್ಟೆ ಮಾಡುವವರಿಗೆ ಮಾರಿದರೆ ತೋಟಕ್ಕೆ ನಷ್ಟವಾ? ಮತ್ತೆ, ಬೆಟ್ಟದಿಂದ ಒಟ್ಟು ಎಷ್ಟು ದರಕು ತರಬಹುದು?

ಗಿಡ್ಡಹಸು

ಬೂದಿ ಗುಂಡಿಗೆ ಬೇಡ. ಬೂದಿ ಕ್ಷಾರ, ಗಂಜಲದ ಮೇಲೆ ಬಿದ್ದರೆ ಅಮೋನಿಯಾ ಎಬ್ಬಿಸುತ್ತದೆ. ಬೇರೆ ಡಬ್ಬದಲ್ಲಿ ಮಳೆ ತಾಗದಂತೆ ಇಟ್ಟು ಅಕ್ಟೋಬರಿನಲ್ಲಿ ಸೀದಾ ಬುಡಕ್ಕೆ, ಮರಕ್ಕೆ ಎರಡು ಮುಷ್ಟಿ. ಪೊಟ್ಯಾಷೂ ಆಯಿತು, ಹುಳಿಗೂ ಆಯಿತು. ಬೂದಿ ನೆನೆದರೆ ಪೊಟ್ಯಾಷ್ ಮೊದಲು ಹರಿದುಹೋಗುತ್ತದೆ.

ಮಣ್ಣಿನಲೆಕ್ಕ

ಹಾಳೆ ಮಾರಿ, ತೂಕಕ್ಕೆ ಹೋಲಿಸಿದರೆ ಅದರಲ್ಲಿ ಬಹುಪಾಲು ನಾರು. ಸೋಗೆ (ಅಡಿಕೆ ಗರಿ) ಮಾತ್ರ ಹೊರಗೆ ಹೋಗಬಾರದು, ಅಡಿಕೆ ಸಿಪ್ಪೆ ಅದಕ್ಕಿಂತಲೂ ಹೋಗಬಾರದು. ಸಿಪ್ಪೆಯಲ್ಲಿ ಪೊಟ್ಯಾಷ್ ಚೆನ್ನಾಗಿದೆ, ಗದ್ದೆ ಅಂಚಿಗೆ ರಾಶಿ ಹಾಕಿ ಬೆಂಕಿ ಕೊಡುವವರು ಅದನ್ನೇ ಕಾಲುವೆಗೆ ಬಿಡುತ್ತಿದ್ದಾರೆ. ತೋಟದ ಸೋಗೆ, ಹಾಳೆ, ಸಿಪ್ಪೆ ಸೇರಿ ಹೆಕ್ಟೇರಿಗೆ ಐದಾರು ಟನ್ ಒಣ ವಸ್ತು ಸಿಗುತ್ತದೆ, ಎಕರೆಗೆ ಎರಡು ಟನ್ ಮೇಲೆ. ಒಂದು ಗೇಣಿಗಿಂತ ಗಿಡ್ಡ ಕತ್ತರಿಸಿ, ಹತ್ತು ಪಾಲಿಗೆ ಒಂದು ಪಾಲು ಸಗಣಿ ಕಲಸಿ, ಎರಡು ವಾರ ಬಿಸಿ ಇಳಿದ ಮೇಲೆ ಎರೆಹುಳು ಬಿಡಿ. ಬಿಸಿ ಇರುವಾಗಲೇ ಬಿಟ್ಟರೆ ಹುಳು ತೊಟ್ಟಿ ಬಿಟ್ಟು ಓಡುತ್ತದೆ. ತಾಮ್ರ ಹೊಡೆದ ವಾರ ಬಿದ್ದ ಸೋಗೆ ಈ ತೊಟ್ಟಿಗೆ ಬೇಡ.

ದರಕು: ಸವೆದ ಬೆಟ್ಟದಲ್ಲಿ ಎಕರೆಗೆ ವರ್ಷಕ್ಕೆ ಒಂದೂವರೆ ಟನ್ ಉದುರುತ್ತದೆ ಎಂದು ಕಡಿಮೆಯೇ ಹಿಡಿಯೋಣ, 9 ಎಕರೆಗೆ ಹದಿಮೂರೂವರೆ. ಮೂರನೇ ಒಂದು ಭಾಗ ತಂದರೆ ಹೆಚ್ಚೆಂದರೆ ನಾಲ್ಕೂವರೆ ಟನ್. ಗಂಜಲ ಹೀರಿಸಲು ಮೇಲೆ ಹೇಳಿದ ಅಳತೆ ಅಷ್ಟೇ ಇದೆ. ಮೂರು ಮೂರು ಎಕರೆಯ ಮೂರು ಹಿಸ್ಸೆ ಮಾಡಿ, ಒಂದು ವರ್ಷ ಒಂದರಲ್ಲಿ ಮಾತ್ರ ಗುಡಿಸಿ. ಅದರಲ್ಲೂ ಎರಡು ಬೆರಳು ದಪ್ಪ ಬಿಟ್ಟು. ಕಡಿದಾದ ಇಳಿಜಾರು, ಹಳ್ಳದ ದಂಡೆಯಿಂದ ಹತ್ತು ಮಾರು ಜಾಗ ಮುಟ್ಟಬೇಡಿ. ಕೆಲಸ ಜನವರಿಯಿಂದ ಮಾರ್ಚ್ ಒಳಗೆ ಮುಗಿಸಿದರೆ ಏಪ್ರಿಲ್, ಮೇಯಲ್ಲಿ ಉದುರುವ ಎಲೆಯಾದರೂ ಮೊದಲ ಮಳೆಗೆ ಮಣ್ಣಿನ ಮೇಲಿರುತ್ತದೆ. ಕಬ್ಬಿಣದ ಕುಂಟೆ ಬೇಡ, ಬಿದಿರಿನದ್ದೇ ಸಾಕು. ಕಬ್ಬಿಣದ್ದು ದರಕಿನ ಜೊತೆ ಕೆಳಗಿನ ಕಪ್ಪು ಪುಡಿಮಣ್ಣನ್ನೂ, ಹೊಸ ಸಸಿಗಳನ್ನೂ ಕಿತ್ತು ತರುತ್ತದೆ.